ಮುಟ್ಟಬಾರದ ಬದನೆಕಾಯಿ

ಬಸವೇಶ್ವರನಗರದ ನಮ್ಮ ಬಡಾವಣೆಯ ಸಂಘದ ವಾಚನಾಲಯದಲ್ಲಿ ಮಕ್ಕಳ ಪುಸ್ತಕಗಳಿಗೆಂದೇ ಒಂದು ಗಾಜಿನ ಬೀರು ಇತ್ತು. ಅದರ ಬೀಗದ ಕೈಯನ್ನು ಸಂಘದ ಕಾರ್ಯದರ್ಶಿಗಳು ತಮ್ಮ ಜನಿವಾರಕ್ಕೆ ಕಟ್ಟಿಕೊಂಡಿರುತ್ತಿದ್ದರು. ಹೀಗಾಗಿ ಮೂರು ವರ್ಷದ ಮಗುವೊಂದು ಆನೆಯ ಚಿತ್ರ ನೋಡಬೇಕೆಂದರೆ ಮೊದಲು ಕಾರ್ಯದರ್ಶಿಗಳು ಅಂಗಿಯ ಗುಂಡಿ ಬಿಚ್ಚಬೇಕಾಗಿತ್ತು. ಬಿಚ್ಚಿ, ಒಳಗೆ ಕೈ ಹಾಕಿ ತಡಕಿ, ದಾರ ಗಿಡ್ಡವಾದ್ದರಿಂದ ಬೀರುವಿಗೆ ಎದೆ ಒತ್ತಿಕೊಂಡು ಬಗ್ಗಿ ನಿಂತು ಬೀಗ ತೆಗೆಯುತ್ತಿದ್ದರು. ಈ ದೃಶ್ಯವನ್ನು ನಾನು ಎಷ್ಟು ಸಲ ನೋಡಿದೆನೋ, ಒಮ್ಮೆಯೂ ನಗಲಿಲ್ಲ. ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ್ದರಲ್ಲಿ ನನಗೆ ನಿಜಕ್ಕೂ ಉಪಯೋಗಕ್ಕೆ ಬಂದದ್ದು ಅದೊಂದೇ, ನಗು ಬಂದಾಗ ಮುಖ ನೆಟ್ಟಗೆ ಇಟ್ಟುಕೊಳ್ಳುವುದು.

ಕಾರ್ಯದರ್ಶಿಗಳು ಯಾವುದೋ ಕಾರ್ಖಾನೆಯ ಸ್ಟೋರ್ಸಿನಲ್ಲಿ ಇಡೀ ಸರ್ವೀಸು ಮುಗಿಸಿ ನಿವೃತ್ತರಾದವರು. ಸಾಮಾನು ಹೊರಗೆ ಹೋಗದಂತೆ ಕಾಯುವುದೇ ಜೀವಮಾನದ ಕಸುಬು. ಯಾರೋ ಪುಣ್ಯಾತ್ಮರು ಸಂಘಕ್ಕೆ ಕೊಟ್ಟಿದ್ದ ಚಿತ್ರದ ಪುಸ್ತಕಗಳಿಗೆಲ್ಲ ತಾವೇ ಕೂತು ಬ್ರೌನ್ ಪೇಪರಿನ ಬೈಂಡು ಹಾಕಿ, ಮೂಲೆಗಳನ್ನು ಚೊಕ್ಕವಾಗಿ ಮಡಚಿ, ಬೆನ್ನಿಗೆ ನಂಬರಿನ ಚೀಟಿ ಅಂಟಿಸಿದ್ದರು. ಗಾಜಿನ ಆಚೆಯಿಂದ ನೋಡಿದರೆ ಹುಲಿ, ಕಪ್ಪೆ, ರಾಜಕುಮಾರಿ ಎಲ್ಲವೂ ಒಂದೇ ಬಣ್ಣ, ಒಣಗಿದ ಬೆರಣಿಯ ಬಣ್ಣ.

ಇಂಥ ಜಾಗದಲ್ಲಿ ಸ್ಕೂಲಿಗೆ ಇನ್ನೂ ಸೇರದ ಮಕ್ಕಳಿಗೆ ಶನಿವಾರದ ಕಾರ್ಯಕ್ರಮ ಮಾಡಬೇಕೆಂಬ ಯೋಚನೆ ಬಂದದ್ದು ಲಂಡನ್ನಿನಿಂದ. ಕಾರ್ಯದರ್ಶಿಗಳ ತಮ್ಮನ ಹೆಂಡತಿ ಅಲ್ಲಿಂದ ರಜಕ್ಕೆ ಬಂದಿದ್ದಾಗ, ಅಲ್ಲಿಯ ಲೈಬ್ರರಿಗಳಲ್ಲಿ ಪುಟಾಣಿಗಳನ್ನು ಚಾಪೆಯ ಮೇಲೆ ಕೂರಿಸಿಕೊಂಡು, ವಾರಕ್ಕೊಂದು ವಿಷಯ ಇಟ್ಟುಕೊಂಡು, ಒಂದು ಕಥೆ ಓದಿ ಹೇಳಿ, ಆಮೇಲೆ ಅದಕ್ಕೆ ಹೊಂದುವಂಥದ್ದೇನಾದರೂ ಮಕ್ಕಳ ಕೈಯಲ್ಲೇ ಮಾಡಿಸುತ್ತಾರೆ ಅಂದಳಂತೆ. ಲಂಡನ್ನಿನಲ್ಲಿರುವುದು ನಮ್ಮಲ್ಲಿ ಯಾಕಿರಬಾರದು? ನಮ್ಮ ರಸ್ತೆಗೆ ಆಗಿನ್ನೂ ಡಾಂಬರಿರಲಿಲ್ಲ. ನಲ್ಲಿಯಲ್ಲಿ ನೀರು ದಿನ ಬಿಟ್ಟು ದಿನ. ಮೂಲೆಯ ಖಾಲಿ ಸೈಟಿನ ತುಂಬ ಪಾರ್ಥೇನಿಯಂ. ಅವನ್ನೆಲ್ಲ ಲಂಡನ್ ಮಾಡುವುದು ಕಷ್ಟ, ಮಕ್ಕಳನ್ನು ಮಾಡುವುದು ಸುಲಭ ಅಂದುಕೊಂಡರೋ ಏನೋ.

ಒಂದು ಬೆಳಿಗ್ಗೆ ಅವರು ನಮ್ಮ ಮನೆಗೆ ಬಂದರು. ಜೊತೆಗೆ ಡಾಕ್ಟರ ಹೆಂಡತಿ, ಸಂಘದ ಮಹಿಳಾ ವಿಭಾಗದ ಅಧ್ಯಕ್ಷೆ. ಮೂಗಿನಲ್ಲಿ ಏಳು ಹರಳಿನ ಬೇಸರಿ. ಮಾತಾಡುವಾಗೆಲ್ಲ ಮುಖವನ್ನು ಕಿಟಕಿಯ ಬೆಳಕಿನ ಕಡೆಗೆ ಸ್ವಲ್ಪ ತಿರುಗಿಸಿಕೊಳ್ಳುತ್ತಿದ್ದರು.

"ನೀವು ಕಾನ್ವೆಂಟಲ್ಲಿ ಓದಿದೋರು. ಇಂಗ್ಲಿಷ್ ಚೆನ್ನಾಗಿ ಬರುತ್ತೆ. ಹೇಗೂ ಮನೇಲಿ ಸುಮ್ನೇ ಇದೀರಲ್ಲ," ಅಂದರು ಕಾರ್ಯದರ್ಶಿಗಳು.

ಸುಮ್ಮನೆ ಇದ್ದ ನಾನು ಒಲೆಯ ಮೇಲೆ ಹಾಲು ಇಟ್ಟು, ಬಟ್ಟೆ ನೆನೆಹಾಕಿ, ಮೊರದಲ್ಲಿ ಅಕ್ಕಿ ಆರಿಸುತ್ತ ಕೂತಿದ್ದೆ. ಕಾಫಿ ತರುತ್ತೇನೆಂದು ಎದ್ದೆ. ಅಷ್ಟರಲ್ಲಿ ಡಾಕ್ಟರ ಹೆಂಡತಿಯ ಕಣ್ಣು ಪರದೆಯ ಹಿಂದೆ ನಿಂತಿದ್ದ ನನ್ನ ಮಗಳ ಮೇಲೆ ಬಿತ್ತು.

"ಏನು ಪುಟ್ಟಿ ನಿನ್ನ ಹೆಸರು? ಹೇಳು. ಆಂಟಿಗೆ ಹೇಳಲ್ವಾ?" ಮಗಳು ಪರದೆಯನ್ನು ಇನ್ನಷ್ಟು ಸುತ್ತಿಕೊಂಡಳು. "ಮಾತು ಬರಲ್ವೇನ್ರೀ ಇವಳಿಗೆ? ಯಾರಿಗಾದ್ರೂ ತೋರಿಸಿದ್ರಾ? ನಮ್ಮನೆಯವರ ಹತ್ರ ಒಂದ್ಸಲ ಕರ್ಕೊಂಡು ಬನ್ನಿ."

ಅವರ ಮನೆಯವರು ಮೂಳೆ ಡಾಕ್ಟರು.

ಮಗಳಿಗೆ ಮಾತು ಬರುತ್ತಿತ್ತು. ಮುಂಬಾಗಿಲು ಹಾಕಿಕೊಂಡರೆ ಎದ್ದಾಗಿನಿಂದ ಮಲಗುವವರೆಗೆ ಬರುತ್ತಿತ್ತು. ಪಾತ್ರೆಗಳ ಜೊತೆ, ಹಲ್ಲಿಯ ಜೊತೆ, ಅವಳಪ್ಪನ ಸ್ಕೂಟರಿನ ಜೊತೆ ಮಾತು. ಹೊರಗಿನವರೊಬ್ಬರು ಹೊಸಿಲು ದಾಟಿದರೆ ಸಾಕು, ನಲ್ಲಿ ತಿರುಗಿಸಿದ ಹಾಗೆ ನಿಂತುಹೋಗುತ್ತಿತ್ತು. ಆ ವರ್ಷ ಎಲ್‌ಕೆಜಿ ಸೀಟಿಗೆಂದು ಒಂದು ಕಾನ್ವೆಂಟಿಗೆ ಕರೆದುಕೊಂಡು ಹೋಗಿದ್ದೆವು. ನಾಲ್ಕು ವರ್ಷದ ಕೂಸಿಗೆ ಇಂಟರ್‌ವ್ಯೂ. ಮೇಜಿನ ಆಚೆ ಕೂತಿದ್ದ ಸಿಸ್ಟರು ಬಣ್ಣದ ಚೆಂಡು ತೋರಿಸಿ ಇಂಗ್ಲಿಷಿನಲ್ಲಿ ಏನೋ ಕೇಳಿದರು, ಗಡಿಯಾರ ನೋಡಿದರು, ಮತ್ತೆ ಕೇಳಿದರು. ಇವಳು ನನ್ನ ಸೀರೆಯ ನೆರಿಗೆಯೊಳಗೆ ಮುಖ ಹುದುಗಿಸಿಬಿಟ್ಟಳು. ಚೆಂಡು ಮತ್ತೆ ಡ್ರಾಯರಿಗೆ ಹೋಯಿತು. ಮುಂದಿನ ವರ್ಷ ಬನ್ನಿ, ಅಷ್ಟರೊಳಗೆ ಮಾತಾಡಿಸಿ ಎಂದರು. ಹೇಗೆ ಮಾತಾಡಿಸುವುದೆಂದು ಅವರಿಗೂ ಗೊತ್ತಿರಲಿಲ್ಲ, ಅದು ಅವರ ಕೆಲಸವೆಂದೂ ಅನಿಸಿದಂತೆ ಕಾಣಲಿಲ್ಲ.

ನಾನು ಶನಿವಾರಗಳಿಗೆ ಒಪ್ಪಿಕೊಂಡದ್ದು ಅದಕ್ಕೇ. ಸಂಘಕ್ಕಾಗಿ ಅಲ್ಲ, ಲಂಡನ್ನಿಗಾಗಿ ಅಂತೂ ಖಂಡಿತ ಅಲ್ಲ. ನಾಲ್ಕು ಮಕ್ಕಳ ಮಧ್ಯೆ ಕೂತಾಗ ಇವಳ ಬಾಯಿ ಬಿಟ್ಟೀತೇ ಎಂಬ ಒಂದೇ ಆಸೆಗೆ.

ಮೊದಲನೆಯ ಶನಿವಾರ ಮಳೆಯ ವಿಷಯ. ಕಪ್ಪೆಯ ಕಥೆ ಓದಿ, ಮನೆಯಿಂದ ತಂದ ದೊಡ್ಡ ಸ್ಟೀಲ್ ಬೇಸಿನ್ನಿನಲ್ಲಿ ನೀರು ತುಂಬಿಸಿ ಕಾಗದದ ದೋಣಿ ಬಿಟ್ಟೆವು. ನೀರು ನೆಲಕ್ಕೆ ಚೆಲ್ಲಿತು. ಕಾರ್ಯದರ್ಶಿಗಳು ಪಂಚೆ ಎತ್ತಿಕೊಂಡು ಬೀರುವಿಗೆ ಅಡ್ಡ ನಿಂತರು, ನೀರು ಪುಸ್ತಕದ ಮೇಲೆ ಹಾರಿ ಬೀಳುತ್ತದೇನೋ ಎಂಬಂತೆ. ಇನ್ನೊಂದು ವಾರ ತೋಟದ ವಿಷಯ. ಬೆಂಡೆಕಾಯಿಯನ್ನು ಅಡ್ಡಕ್ಕೆ ಕತ್ತರಿಸಿ ಬಣ್ಣದಲ್ಲಿ ಅದ್ದಿ ಕಾಗದಕ್ಕೆ ಒತ್ತಿದರೆ ಹೂವು ಮೂಡುತ್ತದೆ. ಒಂದು ಗಂಡುಮಗು ತನ್ನ ಹೊಟ್ಟೆಯ ಮೇಲೂ ಒತ್ತಿಕೊಂಡಿತು. ಮಕ್ಕಳೆಲ್ಲ ಕೇಕೆ ಹಾಕಿದವು. ಗೋಡೆಗೆ ಒರಗಿಸಿದ ಬೆಂಚಿನ ಮೇಲೆ ತಾಯಂದಿರು ಸಾಲಾಗಿ ಕೂತಿರುತ್ತಿದ್ದರು, ನಗೆಯಿಲ್ಲದ ಮುಖ ಮಾಡಿಕೊಂಡು.

"ಫ್ರಾಕು ಹಾಳಾಗೋಯ್ತಲ್ರೀ, ಈ ಬಣ್ಣ ಹೋಗುತ್ತಾ?"

"ಒಗೆದರೆ ಹೋಗುತ್ತೆ."

"ಇದೆಲ್ಲ ಸರಿ, ಎಬಿಸಿಡಿ ಯಾವಾಗ ಶುರು ಮಾಡ್ತೀರಾ? ನಮ್ಮವನಿಗೆ ಇಂಟರ್‌ವ್ಯೂ ಬರುತ್ತೆ."

"ಇವತ್ತು ಬೆಂಡೆಕಾಯಿ," ಅನ್ನುತ್ತಿದ್ದೆ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದರು. ಕಾನ್ವೆಂಟಿನಲ್ಲಿ ಓದಿಯೂ ಬೆಂಡೆಕಾಯಿ ಅನ್ನುವವಳ ಮೇಲೆ ಅವರಿಗೆ ಅನುಮಾನ ಹುಟ್ಟಿತ್ತು.

ನನ್ನ ಮಗಳು ದೋಣಿ ಬಿಟ್ಟಳು, ಹೂವು ಒತ್ತಿದಳು. ಬಾಯಿ ಮಾತ್ರ ಬಿಡಲಿಲ್ಲ.

ಗಣೇಶನ ಹಬ್ಬ ಮುಗಿದ ಮೇಲಿನ ಒಂದು ಶನಿವಾರ ಸಂತೆಯ ವಿಷಯ ಇಟ್ಟೆ. ವಿಗ್ರಹ ಮಾಡುವವರ ಹತ್ತಿರ ಮಿಕ್ಕಿದ್ದ ಜೇಡಿಮಣ್ಣನ್ನು ನಮ್ಮ ಯಜಮಾನರು ಗೋಣಿಚೀಲದಲ್ಲಿ ಸ್ಕೂಟರಿನ ಮೇಲೆ ತಂದುಕೊಟ್ಟರು. ಕಥೆ ಮುಗಿದ ಮೇಲೆ ಮಕ್ಕಳು ಮಣ್ಣು ಕಲಸಿ ತರಕಾರಿ ಮಾಡಿದರು. ಟೊಮೇಟೊ ಸುಲಭ, ಎಲ್ಲರೂ ಟೊಮೇಟೊ. ನನ್ನ ಮಗಳು ಒಂದು ಬದನೆಕಾಯಿ ಮಾಡಿದಳು. ಹೊಟ್ಟೆ ಒಂದು ಕಡೆಗೆ ಉಬ್ಬಿ, ತೊಟ್ಟು ಇನ್ನೊಂದು ಕಡೆಗೆ ವಾಲಿದ ಸೊಟ್ಟ ಬದನೆಕಾಯಿ. ಮಾರುವವರು ಅರ್ಧ ಜನ, ಕೊಳ್ಳುವವರು ಅರ್ಧ ಜನ ಎಂದು ಆಟ ಹೂಡಿದೆ. ಇವಳು ಒಂದು ಹಳೆಯ ಟವೆಲ್ ಹಾಸಿ ಕುಕ್ಕರುಗಾಲಲ್ಲಿ ಕೂತಳು. ಎದುರಿಗೆ ಒಂದು ಹುಡುಗಿ ಬಂದು ನಿಂತಿತು.

"ಮುಟ್ಟಿ ನೋಡ್ರಮ್ಮಾ, ಎಳೇ ಬದನೆಕಾಯಿ!"

ಯಾರು ಕೂಗಿದ್ದೆಂದು ನಾನು ಅತ್ತಿತ್ತ ನೋಡಿದೆ. ನನ್ನ ಮಗಳೇ. ನಮ್ಮ ರಸ್ತೆಗೆ ಬೆಳಿಗ್ಗೆ ಬುಟ್ಟಿ ಹೊತ್ತು ಬರುತ್ತಿದ್ದ ಹೆಂಗಸಿನ ಕೂಗು, ಅದೇ ಎಳೆತ, ಅದೇ ಗಡಸು. ಮಣ್ಣು ಮೆತ್ತಿದ ಎರಡೂ ಕೈಯಲ್ಲಿ ಬದನೆಕಾಯಿ ಎತ್ತಿ ಹಿಡಿದಿದ್ದಳು.

"ಹುಳ ಇದೆಯಾ?" ಕೇಳಿತು ಆ ಹುಡುಗಿ.

"ಹುಳಾನೂ ಇಲ್ಲ ಏನೂ ಇಲ್ಲ. ತಗೊಳ್ಳೋದಾದ್ರೆ ತಗೋ."

"ಕಮ್ಮಿ ಮಾಡ್ಕೋ."

"ಬೋಣಿ ಟೈಮಲ್ಲಿ ಬಂದು ಚೌಕಾಸಿ ಮಾಡ್ತೀಯಾ? ಕೊಡಲ್ಲ ಹೋಗಮ್ಮ!"

ನಾನು ಬೇಸಿನ್ ತೊಳೆಯುವ ನೆಪದಲ್ಲಿ ಹಿಂದಕ್ಕೆ ಹೋಗಿ, ನಲ್ಲಿಯ ಹತ್ತಿರ ಸ್ವಲ್ಪ ಹೊತ್ತು ನಿಂತು ಬಂದೆ. ವಾಪಸು ಬಂದಾಗ ಅವಳು ಇನ್ನೂ ಜಗಳವಾಡುತ್ತಿದ್ದಳು. ಬೆಂಚಿನ ಮೇಲಿನ ಒಬ್ಬ ತಾಯಿ ನನಗೆ ಕೇಳಿಸುವ ಹಾಗೆ ಅಂದಳು: "ನೋಡಿ, ತರಕಾರಿಯವಳ ಭಾಷೆ ಕಲಿಸ್ತಾರೆ ಇಲ್ಲಿ."

ಆಮೇಲಿನ ಶನಿವಾರಗಳಲ್ಲೂ ಮಕ್ಕಳು ಸಂತೆಯೇ ಬೇಕೆಂದವು. ಒಣಗಿದ ತರಕಾರಿಗಳನ್ನು ಒಂದು ಬಿದಿರು ಬುಟ್ಟಿಯಲ್ಲಿ ತುಂಬಿ ವಾಚನಾಲಯದ ಮೂಲೆಯಲ್ಲಿ ಇಟ್ಟಿದ್ದೆ. ಮಗಳು ಬಂದವಳೇ ಬುಟ್ಟಿ ತಡಕಿ ತನ್ನ ಬದನೆಕಾಯಿ ಹುಡುಕಿಕೊಂಡು, ಟವೆಲ್ ಹಾಸಿ ಬಾಯಿ ಮಾಡಲು ಶುರು. ಚಾಪೆಯ ಆಚೆ ಅವಳಿನ್ನೂ ಮಾತಾಡುತ್ತಿರಲಿಲ್ಲ. ತಾಯಂದಿರು ಕೇಳಿದರೆ ಮೌನ, ಕಾರ್ಯದರ್ಶಿಗಳು ಕೇಳಿದರೆ ಮೌನ. ಆದರೆ ಒಂದು ಕಡೆ ಬಿಟ್ಟ ಬಾಯಿ ಇನ್ನೊಂದು ಕಡೆಯೂ ಬಿಟ್ಟೀತು ಎಂದು ನಾನು ಕಾಯುತ್ತಿದ್ದೆ.

ಅಷ್ಟರಲ್ಲಿ ರಾಜ್ಯೋತ್ಸವ ಬಂತು. ಸಂಘದವರಿಗೆ ರಸ್ತೆಗೆ ಡಾಂಬರು ಬೇಕಾಗಿತ್ತು, ಡಾಂಬರು ಹಾಕಿಸುವ ಅಧಿಕಾರದ ಒಬ್ಬ ದೊಡ್ಡ ಎಂಜಿನಿಯರನ್ನು ಮುಖ್ಯ ಅತಿಥಿಯಾಗಿ ಕರೆದರು. ಅವರಿಗೆ ತೋರಿಸಲು ಏನಾದರೂ ಬೇಕಲ್ಲ. ಮಕ್ಕಳ ಕೈಕೆಲಸದ ಪ್ರದರ್ಶನ ಎಂದು ತೀರ್ಮಾನವಾಯಿತು. "ನೀವೇನೂ ತಲೆ ಕೆಡಿಸ್ಕೋಬೇಡಿ, ನಾವು ಲೇಡೀಸೆಲ್ಲ ಸೇರಿ ಅರೇಂಜ್ ಮಾಡ್ತೀವಿ. ನೀವು ಮಕ್ಕಳನ್ನ ನೀಟಾಗಿ ಕೂರಿಸಿದ್ರೆ ಸಾಕು," ಅಂದರು ಡಾಕ್ಟರ ಹೆಂಡತಿ.

ಆ ದಿನ ಒಳಗೆ ಕಾಲಿಟ್ಟಾಗ ನನಗೆ ಬೇರೆ ಯಾರದೋ ಮನೆಗೆ ಬಂದಂತಾಯಿತು. ದಸರೆ ಆಗತಾನೆ ಮುಗಿದಿತ್ತು. ಡಾಕ್ಟರ ಮನೆಯ ಗೊಂಬೆ ಕೂರಿಸುವ ಮೆಟ್ಟಿಲುಗಳು ಇನ್ನೂ ಅಟ್ಟ ಸೇರಿರಲಿಲ್ಲ. ಅವು ನೆಟ್ಟಗೆ ವಾಚನಾಲಯಕ್ಕೆ ಬಂದಿದ್ದವು. ಇಸ್ತ್ರಿ ಮಾಡಿದ ಬಿಳಿ ಪಂಚೆ ಹೊದಿಸಿದ ಮೆಟ್ಟಿಲುಗಳ ಮೇಲೆ, ಮೇಲ್ಗಡೆ ಬ್ರೌನ್ ಪೇಪರಿನ ಪುಸ್ತಕಗಳು ಪಟ್ಟದ ಗೊಂಬೆಗಳ ಹಾಗೆ ಜೋಡಿ ಜೋಡಿಯಾಗಿ ನಿಂತಿದ್ದವು. ಕೆಳಗಿನ ಮೆಟ್ಟಿಲಲ್ಲಿ ವ್ಯಾಪಾರಕ್ಕೆ ಕೂತ ಶೆಟ್ಟಿ ದಂಪತಿಯ ಗೊಂಬೆ, ಅದರ ಮುಂದೆ ಅಂಗಡಿಯಿಂದ ತಂದ ಮಣ್ಣಿನ ತರಕಾರಿಗಳ ಸೆಟ್ಟು, ಥಳಥಳ ಹೊಳೆಯುವ ವಾರ್ನಿಷ್ ಹಚ್ಚಿದ್ದು. ಬದನೆಕಾಯಿಗಳು ಅಚ್ಚಿನಲ್ಲಿ ಹಾಕಿದ್ದಂಥವು, ಒಂದರಂತೆ ಇನ್ನೊಂದು. ನಡುವೆ ಥರ್ಮೋಕೋಲಿನ ಬೋರ್ಡು: "ಪುಟಾಣಿಗಳ ಕೈಚಳಕ". ಅದರ ಕೆಳಗೆ ಕನ್ನಡದಲ್ಲೊಮ್ಮೆ, ಇಂಗ್ಲಿಷಿನಲ್ಲೊಮ್ಮೆ: ದಯವಿಟ್ಟು ಮುಟ್ಟಬೇಡಿ. ಓದಲು ಬಾರದ ಮಕ್ಕಳಿಗೆ ಎರಡು ಭಾಷೆಯ ಎಚ್ಚರಿಕೆ.

ಬುಟ್ಟಿ ಇದ್ದ ಮೂಲೆಯಲ್ಲಿ ಪ್ಲಾಸ್ಟಿಕ್ ಹೂವಿನ ಕುಂಡ ಇತ್ತು. ಬುಟ್ಟಿ ಎಲ್ಲಿ ಎಂದು ಕೇಳಲು ಡಾಕ್ಟರ ಹೆಂಡತಿಯ ಹತ್ತಿರ ಹೋದೆ. ಅವರು ಅರಿಶಿನ ಕುಂಕುಮದ ತಟ್ಟೆ ಹಿಡಿದು ಬಾಗಿಲಿಗೆ ಓಡುತ್ತಿದ್ದರು. ಜೀಪು ಬಂದಿತ್ತು.

ಮಕ್ಕಳನ್ನು ಜಮಖಾನದ ಮೇಲೆ ಕೂರಿಸಿ ಕಾರ್ಯದರ್ಶಿಗಳೇ ಅಪ್ಪಣೆ ಕೊಟ್ಟರು. "ಕೈ ಕಟ್ಟಿ! ಬಾಯಿ ಮೇಲೆ ಬೆರಳು!" ಮಕ್ಕಳು ಒಂದು ಕೈ ಮಡಚಿ, ಇನ್ನೊಂದರ ಬೆರಳನ್ನು ತುಟಿಗೆ ಒತ್ತಿಕೊಂಡು, ಮೆಟ್ಟಿಲಿಂದ ಇಳಿಸಿಟ್ಟ ಇನ್ನೊಂದು ಸಾಲು ಗೊಂಬೆಗಳಂತೆ ಕೂತವು. ಆ ಸ್ಥಿತಿಯಲ್ಲಿ ಅವು ಕಾರ್ಯದರ್ಶಿಗಳ ಭಾಷಣವನ್ನು ಪೂರ್ತಿ ಕೇಳಿದವು. ಮಕ್ಕಳು ಸ್ವತಂತ್ರವಾಗಿ ಕೈಯಾರೆ ಕೆಲಸ ಮಾಡಿ ಕಲಿಯುವ ಲಂಡನ್ ಮಾದರಿಯನ್ನು ನಮ್ಮ ಬಡಾವಣೆ ಹೇಗೆ ಜಾರಿಗೆ ತಂದಿದೆ ಎಂಬುದು ಭಾಷಣದ ವಿಷಯ. ಒಂದು ಮಗು ನೊಣ ಓಡಿಸಲು ಕೈ ಬಿಚ್ಚಿತು. ಭಾಷಣದ ನಡುವೆಯೇ ಬೈಸಿಕೊಂಡು ಮತ್ತೆ ಕಟ್ಟಿಕೊಂಡಿತು.

ಮುಖ್ಯ ಅತಿಥಿಗಳು ಮೈಸೂರು ಪೇಟ, ಗಂಧದ ಹಾರ ಹಾಕಿಸಿಕೊಂಡು ಮೆಟ್ಟಿಲ ಹತ್ತಿರ ಬಂದರು. ಬೋರ್ಡು ಓದಿದರು, ಓದಿಯೂ ಒಂದು ಬದನೆಕಾಯಿ ಕೈಗೆತ್ತಿಕೊಂಡರು. ಎಂಜಿನಿಯರಿಗೆ ಯಾರು ಬೇಡ ಅನ್ನುತ್ತಾರೆ?

"ಅರೆ, ಎಷ್ಟು ಚೆನ್ನಾಗಿದೆ! ಯಾರಮ್ಮಾ ಮಾಡಿದ್ದು ಇದು?"

"ಮಕ್ಕಳೇ ಮಾಡಿದ್ದು ಸಾರ್," ಅಂದರು ಡಾಕ್ಟರ ಹೆಂಡತಿ, ಮುಖವನ್ನು ಟ್ಯೂಬ್‌ಲೈಟಿನ ಕಡೆ ತಿರುಗಿಸಿ.

ಎರಡನೇ ಸಾಲಿನಲ್ಲಿ ಒಂದು ಬೆರಳು ತುಟಿಯಿಂದ ಕೆಳಗಿಳಿಯಿತು.

"ಇದು ನಾನು ಮಾಡಿದ್ದಲ್ಲ," ಅಂದಳು ನನ್ನ ಮಗಳು. ಜಮಖಾನದ ಪಕ್ಕದಲ್ಲೇ ಇದ್ದ ಭಾಷಣದ ಮೈಕು ಆನ್ ಆಗಿಯೇ ಇತ್ತು, ಅವಳ ದನಿ ಇಡೀ ಕೋಣೆಗೆ ಕೇಳಿಸಿತು. "ನಂದು ಸೊಟ್ಟಗಿತ್ತು. ನಂದೆಲ್ಲಿ?"

ಚಾಪೆಯ ಆಚೆ, ಹೊರಗಿನವರ ಎದುರಿಗೆ, ಅವಳು ಆಡಿದ ಮೊದಲನೆಯ ಮಾತು ಅದು.

"ಶ್ಶ್! ಬಾಯಿ ಮೇಲೆ ಬೆರಳು!" ಕಾರ್ಯದರ್ಶಿಗಳು ಹಲ್ಲು ಕಚ್ಚಿ ಹೇಳಿದರು.

"ಇಷ್ಟು ದಿನ ಬಾಯಿ ಬಿಡದೇ ಇದ್ದೋಳು, ಇವತ್ತೇ ಬಿಡ್ಬೇಕಾ ಇವಳು!" ಇದು ಡಾಕ್ಟರ ಹೆಂಡತಿ, ನಗುತ್ತಲೇ, ಹಲ್ಲಿನ ಸಂದಿಯಿಂದ.

ಮಗಳ ಬೆರಳು ನಿಧಾನವಾಗಿ ಮತ್ತೆ ಮೇಲಕ್ಕೆ ಏರತೊಡಗಿತು. ತುಟಿಯ ಹತ್ತಿರ ಬಂತು. ಈಗ ಅದು ಅಲ್ಲಿ ಕೂತರೆ ಮತ್ತೆ ಇಳಿಯುವುದು ಯಾವ ಕಾಲಕ್ಕೋ ಎಂದು ನನಗೆ ಗೊತ್ತಿತ್ತು. ನಾಲ್ಕು ಜನರ ಮುಂದೆ ಎದ್ದು ನಿಲ್ಲುವ ಅಭ್ಯಾಸ ನನಗೂ ಇರಲಿಲ್ಲ, ಕಾನ್ವೆಂಟಿನಲ್ಲಿ ಕೈ ಎತ್ತಿ ಅಪ್ಪಣೆ ಕೇಳಿ ಏಳುವುದು ರೂಢಿ. ಕೇಳದೆ ಎದ್ದೆ. ಜಮಖಾನದ ಮೇಲೆ ಅವಳ ಪಕ್ಕ ಕೂತು ಆ ಬೆರಳನ್ನು ನನ್ನ ಕೈಯಲ್ಲಿ ಹಿಡಿದುಕೊಂಡೆ.

"ಕೇಳು ಪುಟ್ಟಿ. ಅವರಿಗೆ ಕೇಳಿಸಿಲ್ಲ. ಜೋರಾಗಿ ಕೇಳು."

"ನನ್ನ ಬದನೆಕಾಯಿ ಎಲ್ಲಿ?"

ಬುಟ್ಟಿ ಹೆಂಗಸಿನ ದನಿ. ಬೀರುವಿನ ಗಾಜು ಅದುರುವ ಹಾಗೆ.

"ಅದು ಕೊಳಕಾಗಿತ್ತು ಸಾರ್," ಅಂದರು ಡಾಕ್ಟರ ಹೆಂಡತಿ ಅತಿಥಿಗಳಿಗೆ. "ಬಿರುಕು ಬಿಟ್ಟಿತ್ತು. ನಿಮ್ಮಂಥೋರು ಬರೋವಾಗ ಅದನ್ನೆಲ್ಲ ಹೇಗೆ ಇಡೋದು ಅಂತ ಹೊರಗೆ ಹಾಕಿಸಿದ್ವಿ." ಮಕ್ಕಳೇ ಮಾಡಿದ್ದು ಎಂದು ಈಗಷ್ಟೇ ಹೇಳಿದ ಬಾಯಿ ಅದೇ. ಅವರಿಗೆ ಅದರಲ್ಲಿ ಯಾವ ಎಡವಟ್ಟೂ ಕಾಣಲಿಲ್ಲ. ಅತಿಥಿಗಳಿಗೂ ಕಾಣಲಿಲ್ಲ. "ಹ್ಹ ಹ್ಹ, ಮಕ್ಕಳು!" ಎಂದು ಬದನೆಕಾಯಿಯನ್ನು ಕೆಳಗಿಟ್ಟು, ಗೋಡಂಬಿ ದ್ರಾಕ್ಷಿಯ ತಟ್ಟೆಯ ಕಡೆ ನಡೆದರು. ತಾಯಂದಿರು ಚಪ್ಪಾಳೆ ತಟ್ಟಿದರು. ಯಾವುದಕ್ಕೆಂದು ಅವರಿಗೇ ಗೊತ್ತಿತ್ತೋ ಇಲ್ಲವೋ.

ನಾನು ಮಗಳನ್ನು ಕರೆದುಕೊಂಡು ಹೊರಬಂದೆ. ಕಟ್ಟಡದ ಹಿಂದೆ, ಪಾರ್ಥೇನಿಯಂ ಬುಡದಲ್ಲಿ ಬುಟ್ಟಿ ಬೋರಲಾಗಿ ಬಿದ್ದಿತ್ತು. ಹಿಂದಿನ ದಿನದ ಮಳೆಗೆ ಮಕ್ಕಳ ಟೊಮೇಟೊ, ಬದನೆಕಾಯಿಗಳೆಲ್ಲ ಕರಗಿ ಒಂದೇ ಕೆಸರಿನ ಮುದ್ದೆ. ಮಗಳು ಬಗ್ಗಿ, ಬೆರಳಲ್ಲಿ ತಿವಿದು ನೋಡಿದಳು.

"ಕರಗೋಗಿದೆ. ಹೋಗ್ಲಿ ಬಿಡಮ್ಮ," ಅಂದಳು. ಆಮೇಲೆ, "ಆ ಆಂಟಿ ಯಾಕೆ ಸುಳ್ಳು ಹೇಳಿದ್ರು?"

"ಅವರಿಗೆ ಅದೇ ಅಭ್ಯಾಸ," ಅಂದೆ.

ಸಂಘದಲ್ಲಿ ಸಭೆ ಸೇರಿ ಮಾತಾಡಿದರಂತೆ. ಮಕ್ಕಳಿಗೆ ಶಿಸ್ತು ಇಲ್ಲ, ಬುಡದಲ್ಲೇ ದಾರಿ ತಪ್ಪುತ್ತಿದೆ ಎಂದು. ಶನಿವಾರದ ಹೊತ್ತು ಡಾಕ್ಟರ ಹೆಂಡತಿಯ ಇಂಗ್ಲಿಷ್ ರೈಮ್ಸ್ ಕ್ಲಾಸಾಯಿತು. ಬೆಂಚಿನ ತಾಯಂದಿರಿಗೆ ಜೀವ ಬಂತು. ನಮ್ಮ ಯಜಮಾನರು, "ಡಾಂಬರು ಬರ್ಲಿಲ್ಲ ಅಂದ್ರೆ ನಿನ್ನಿಂದಾನೇ ಅಂತಾರೆ ಕಣೇ," ಎಂದು ನಕ್ಕರು. ಡಾಂಬರು ಬಂತು. ಮೇನ್ ರೋಡಿನಿಂದ ಶುರುವಾಗಿ ಡಾಕ್ಟರ ಮನೆಯ ಗೇಟಿನವರೆಗೆ ಬಂದು ನಿಂತಿತು. ನಮ್ಮದು ಅದರ ಆಚೆ.

ಆ ಕಾನ್ವೆಂಟಿನ ಕಡೆ ನಾನು ಮತ್ತೆ ತಲೆ ಹಾಕಲಿಲ್ಲ. ಎರಡು ಕ್ರಾಸು ಆಚೆ, ಒಬ್ಬರ ಮನೆಯ ಶೆಡ್ಡಿನಲ್ಲಿ ಒಂದು ನರ್ಸರಿ ಇತ್ತು. ಅಲ್ಲಿಯ ಮಿಸ್ಸು ಇಂಟರ್‌ವ್ಯೂ ಎಂದು ಏನೂ ಕೇಳಲಿಲ್ಲ. ಊಟದ ಡಬ್ಬಿ ತೆಗೆಯಲು ಬರುತ್ತಾ ಎಂದಷ್ಟೇ ಕೇಳಿದರು. ಸಂಕ್ರಾಂತಿ ಕಳೆದ ಮೇಲೆ ಬನ್ನಿ ಅಂದರು. ಅಲ್ಲಿ ಇವಳು ಮಾತಾಡುತ್ತಾಳೋ, ರಾಜ್ಯೋತ್ಸವದ ಮಾತು ಒಂದು ದಿನದ್ದೋ ಎಂಬ ಅಳುಕು ನನಗೆ ಇದ್ದೇ ಇತ್ತು.

ಒಂದು ಬೆಳಿಗ್ಗೆ ನಾನು ಸಾರಿಗೆ ಒಗ್ಗರಣೆ ಇಡುತ್ತಿದ್ದೆ. ಗೇಟಿನ ಚಿಲಕದ ಸದ್ದಾಯಿತು. ಅಂಥ ಸದ್ದಿಗೆ ಮಗಳು ಓಡಿಬಂದು ನನ್ನ ಸೀರೆ ಹಿಡಿದುಕೊಳ್ಳುವುದು ವಾಡಿಕೆ. ಬರಲಿಲ್ಲ.

"ಅಮ್ಮ ಇದಾರೇನಮ್ಮ?" ಕಾರ್ಯದರ್ಶಿಗಳ ದನಿ.

"ಇದಾರೆ."

"ಕರಿ."

"ಒಗ್ಗರಣೆ ಹಾಕ್ತಾ ಇದಾರೆ, ಬರಕ್ಕಾಗಲ್ಲ. ಏನ್ ಬೇಕು ತಾತ?"

"ಶನಿವಾರದ ಕಥೆಗೆ ಅಂತ ನಿಮ್ಮಮ್ಮ ತಗೊಂಡಿದ್ದ ಲೈಬ್ರರಿ ಪುಸ್ತಕ ಒಂದು ನಿಮ್ಮನೇಲಿ ಉಳ್ಕೊಂಡಿದೆ. ತಂದುಕೊಡು."

"ನಾನಿನ್ನೂ ನೋಡ್ತಾ ಇದೀನಿ. ಮುಗೀಲಿಲ್ಲ."

"ಹಾಗಲ್ಲ ಪುಟ್ಟಿ, ರೂಲ್ಸ್ ಇದೆ..."

"ಮುಗೀಲಿಲ್ಲ ಅಂದ್ನಲ್ಲ. ಆಮೇಲೆ ಬನ್ನಿ."

ಹೊರಗೆ ಹೋಗಿ ಅವರನ್ನು ಒಳಗೆ ಕರೆದು ಕೂರಿಸಿ ಕಾಫಿ ಕೊಡುವುದು ಮರ್ಯಾದೆ. ನಾನು ಒಲೆ ಸಣ್ಣ ಮಾಡಿ, ಸೌಟು ಕೈಯಲ್ಲಿ ಹಿಡಿದು, ಅಡಿಗೆಮನೆಯ ಬಾಗಿಲ ಮರೆಗೆ ನಿಂತೆ. ಕರಿಬೇವು ಸೀದುಹೋಯಿತು. ಅವರು ತಗ್ಗಿದ ದನಿಯಲ್ಲಿ ಏನೋ ಹೇಳುತ್ತಿದ್ದರು, ಅದು ಸರಿಯಾಗಿ ಕೇಳಿಸಲಿಲ್ಲ. ಇವಳದು ಕೇಳಿಸುತ್ತಿತ್ತು.

"ನಿಮ್ಮನೇಲಿ ಇವತ್ತು ಏನ್ ಸಾರು ತಾತ?"